ಹಳೇ 800ಕ್ಕೆ ಬಂಕಿನಲ್ಲಿ ಒಂದು ಪಂಪು ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಕಾರುಗಳ ಬಗ್ಗೆ ಬಂದ ಬರಹ ಓದಿದೆ. ಮಾರುತಿ 800ರ ಫೋಟೊ ಹಾಕಿ, ಇಂಥ ಗಾಡಿಗಳನ್ನೆಲ್ಲ ಗುಜರಿಗೆ ಹಾಕುವ ಕಾಲ ಬಂತು ಅಂತ ಬರೆದಿದ್ದೀರಿ. ಎಂಜಿನ್ ಆಯಸ್ಸು ಮುಗಿದಿದೆಯಂತೆ, ಹೊಗೆ ಉಗುಳುತ್ತದಂತೆ, ಮೈಲೇಜ್ ಕೊಡುವುದಿಲ್ಲವಂತೆ. ನಾನು ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡವನು. ಈ ಎಂಜಿನ್ ಬಿಚ್ಚಿ ಜೋಡಿಸಿಯೇ ಮನೆ ನಡೆಸಿದ್ದೇನೆ. ಬರೆದವರು ಒಮ್ಮೆಯಾದರೂ ಅದರ ಹೆಡ್, ಅಂದರೆ ಎಂಜಿನ್ ಮೇಲಿನ ಮುಚ್ಚಳ, ಎತ್ತಿ ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಬೇಜಾರು ಮಾಡ್ಕೋಬೇಡಿ, ಆದರೆ ಹೇಳಲೇಬೇಕು. 800ರ ಎಂಜಿನ್ ಇವತ್ತು ತೊಂದರೆ ಕೊಡುತ್ತಿದ್ದರೆ ಅದಕ್ಕೆ ವಯಸ್ಸಿಗಿಂತ ಜಾಸ್ತಿ ಕಾರಣ ಅದರ ಹೊಟ್ಟೆಗೆ ನಾವು ಹಾಕುತ್ತಿರುವ, ಎಥನಾಲ್ ಅನ್ನೋ ಆಲ್ಕೋಹಾಲ್ ಬೆರೆಸಿದ ಪೆಟ್ರೋಲು.

ಮೊದಲು ಎಂಜಿನ್ ವಿಷಯ. ಇದರ ಹೆಸರು ಎಫ್8ಬಿ. ಜಪಾನಿನ ಸುಜುಕಿಯವರದ್ದು. ಆಗ ಜಪಾನಿನಲ್ಲಿ ಸಣ್ಣ ಕಾರಿಗೆ 550 ಸಿ.ಸಿ. ಮಿತಿ ಇತ್ತು, ಹಾಗಾಗಿ ಅಲ್ಲಿನ ಆಲ್ಟೊಗೆ 543 ಸಿ.ಸಿ. ಎಂಜಿನ್. ಹೊರದೇಶಗಳಿಗೆ ಕಳಿಸುವ ಆಲ್ಟೊಗೆ 796 ಸಿ.ಸಿ. ಎಂಜಿನ್ ಇತ್ತು. ನಮಗೆ ಸಿಕ್ಕಿದ್ದು ಅದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. 1986ರಲ್ಲಿ ಬಾಡಿ ಬದಲಾಯಿತು, ಎಂಜಿನ್ ಅದೇ ಉಳಿಯಿತು. ವ್ಯಾನ್‌ಗೂ, ಅಂದರೆ ಆಮೇಲೆ ಓಮ್ನಿ ಅಂತ ಕರೆದ ಗಾಡಿಗೂ, ಇದನ್ನೇ ಸೀಟಿನ ಕೆಳಗೆ ಕೂರಿಸಿದರು. ಪಾಕಿಸ್ತಾನದಲ್ಲಿ ಇದೇ ಎಂಜಿನ್ ಮೆಹ್ರಾನ್ ಅನ್ನೋ ಕಾರಿನಲ್ಲಿ 2019ರವರೆಗೂ ಬಂತು. ಕೊರಿಯಾದ ಡೇವೂ ಕಂಪನಿಯ ಟೀಕೊ ಕಾರಿಗೂ ಇದೇ ಮನೆತನದ ಎಂಜಿನ್. ನಮ್ಮಲ್ಲಿ 800 ನಿಂತಿದ್ದು 2014ರ ಜನವರಿಯಲ್ಲಿ. ಬೆಂಗಳೂರಿನಲ್ಲಿ 2010ರಲ್ಲೇ ಮಾರಾಟ ನಿಂತಿತ್ತು, ಯಾಕೆಂದರೆ ಆ ವರ್ಷ ಬೆಂಗಳೂರೂ ಸೇರಿ 13 ನಗರಗಳಲ್ಲಿ ಬಿಎಸ್ 4 ಅನ್ನೋ ಹೊಗೆ ನಿಯಮ ಬಂತು, 800 ಅದಕ್ಕೆ ಹೊಂದುತ್ತಿರಲಿಲ್ಲ. ಕೆಟ್ಟ ಎಂಜಿನ್ ಆಗಿದ್ದರೆ ಇಷ್ಟು ದೇಶಗಳಲ್ಲಿ, ಇಷ್ಟು ವರ್ಷ, ಯಾರು ಮಾಡುತ್ತಿದ್ದರು ಹೇಳಿ.

ಲೆಕ್ಕ ನೋಡೋಣ. ಮೂರು ಸಿಲಿಂಡರ್. ಬೋರ್, ಅಂದರೆ ಸಿಲಿಂಡರ್ ಅಗಲ, 68.5 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 72 ಮಿ.ಮೀ. ಒಂದು ಸಿಲಿಂಡರ್‌ಗೆ ಎರಡೇ ವಾಲ್ವ್, ಒಟ್ಟು ಆರು. ವಾಲ್ವ್ ತೆರೆಯಲು ಮೇಲೊಂದು ಕ್ಯಾಮ್ ಶಾಫ್ಟ್, ಅದನ್ನು ತಿರುಗಿಸಲು ಟೈಮಿಂಗ್ ಬೆಲ್ಟ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇದ್ದಾಗ 39 ಎಚ್‌ಪಿ ಆಸುಪಾಸು. ಆಮೇಲೆ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂದಾಗ ಕಾಗದದ ಮೇಲೆ ಎಚ್‌ಪಿ ಸ್ವಲ್ಪ ಇಳಿಯಿತು, 5000 ಆರ್‌ಪಿಎಂನಲ್ಲಿ 37. ಟಾರ್ಕ್ 59 ನ್ಯೂಟನ್ ಮೀಟರ್, ಅದೂ 2500 ಆರ್‌ಪಿಎಂನಲ್ಲೇ. ಇವತ್ತಿನ ಹುಡುಗರು ಈ ನಂಬರ್ ನೋಡಿ ನಗುತ್ತಾರೆ. ಒಂದು ಲೀಟರ್‌ನ ಟರ್ಬೊ ಎಂಜಿನ್ 100 ಎಚ್‌ಪಿ ದಾಟುವ ಕಾಲ ಇದು. ಆದರೆ ನಗುವ ಮೊದಲು ಸ್ವಲ್ಪ ಯೋಚಿಸಬೇಕು.

ಆಗ ಎದುರಿಗಿದ್ದ ಗಾಡಿ ಯಾವುದು? ಪದ್ಮಿನಿ. 1089 ಸಿ.ಸಿ. ಎಂಜಿನ್, ಅದೂ ಸುಮಾರು 40 ಎಚ್‌ಪಿ ಅಷ್ಟೇ ಕೊಡುತ್ತಿತ್ತು. ಅಂಬಾಸಿಡರ್‌ದು 1489 ಸಿ.ಸಿ. ಇವೆಲ್ಲ ಭಾರದ ಗಾಡಿಗಳು. 800 ಬರೀ 650 ಕಿಲೊ ಆಸುಪಾಸು ತೂಗುತ್ತದೆ. ಕಡಿಮೆ ಭಾರಕ್ಕೆ ಅಷ್ಟೇ ಎಚ್‌ಪಿ ಸಿಕ್ಕಿದರೆ ಎಂಜಿನ್ ಹೆಣಗಾಡುವ ಅಗತ್ಯ ಇರುವುದಿಲ್ಲ. ಅದಕ್ಕೇ ಹೊಸದರಲ್ಲಿ ಇದನ್ನು ಓಡಿಸಿದವರಿಗೆ ಪಿಕಪ್ ನೋಡಿ ಆಶ್ಚರ್ಯ ಆಗಿತ್ತು. ಪದ್ಮಿನಿಯ ಸ್ಟೀರಿಂಗ್ ಪಕ್ಕದ ಗೇರ್ ಎಳೆದಾಡಿ ಅಭ್ಯಾಸ ಇದ್ದ ಡ್ರೈವರ್‌ಗಳು ಇದನ್ನು ಆಟದ ಗಾಡಿ ಅಂತ ತಮಾಷೆ ಮಾಡುತ್ತಿದ್ದರು. ಆಮೇಲೆ ಅವರೇ ಇದನ್ನು ಹುಡುಕಿಕೊಂಡು ಬಂದರು.

ಬಾಳಿಕೆಗೆ ಕಾರಣ ಈ ಕಡಿಮೆ ಎಚ್‌ಪಿಯೇ. ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, 9ರ ಒಳಗೆ. ಆಕ್ಟೇನ್ ಕಡಿಮೆ, ಅಂದರೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ ಕಡಿಮೆ ಇರುವ ಪೆಟ್ರೋಲ್ ಹಾಕಿದರೂ ನಾಕಿಂಗ್ ಸದ್ದು ಸುಲಭಕ್ಕೆ ಬರುವುದಿಲ್ಲ. 5000 ಆರ್‌ಪಿಎಂನಲ್ಲಿ ತಿರುಗಿದರೂ ಪಿಸ್ಟನ್ ಓಡಾಡುವ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್ ಅಷ್ಟೇ. ನಮ್ಮ ಊರಿನಲ್ಲಿ ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಅಷ್ಟು ಆರ್‌ಪಿಎಂ ಯಾರೂ ಮುಟ್ಟುವುದೇ ಇಲ್ಲ. ಬೇರಿಂಗ್ ಮೇಲೆ, ರಿಂಗ್ ಮೇಲೆ ಬೀಳುವ ಹೊರೆ ಕಡಿಮೆ. ಟರ್ಬೊ ಇಲ್ಲ, ಹೈ ಪ್ರೆಷರ್ ಪಂಪ್ ಇಲ್ಲ, ಆಯಿಲ್ ಒತ್ತಡದಿಂದ ವಾಲ್ವ್ ಟೈಮಿಂಗ್ ಬದಲಿಸುವ ಸಾಮಾನು ಇಲ್ಲ. ಇಲ್ಲದ ಸಾಮಾನು ಕೆಡುವುದಿಲ್ಲ ಅಲ್ವಾ.

ಇನ್ನೊಂದು ವಿಷಯ, ಇದನ್ನು ಪೇಪರಿನವರು ಯಾರೂ ಬರೆಯುವುದಿಲ್ಲ. ಇದರ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ ಒಡಲು, ಕಾಸ್ಟ್ ಐರನ್. ಬೋರ್ ಸವೆದರೆ ಲೇತ್ ಅಂಗಡಿಗೆ ಕೊಟ್ಟು ರೀಬೋರ್ ಮಾಡಿಸಬಹುದು, ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು. ವಾಲ್ವ್ ಸೀಟನ್ನು ಕೈಯಲ್ಲೇ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಬಹುದು. ಟ್ಯಾಪೆಟ್, ಅಂದರೆ ವಾಲ್ವ್ ಸಂದು, ಹೊಂದಿಸಲು ಒಂದು ಸ್ಕ್ರೂ, ಒಂದು ಲಾಕ್ ನಟ್, ಕೈಯಲ್ಲೊಂದು ಫೀಲರ್ ಗೇಜ್ ಇದ್ದರೆ ಸಾಕು. ಲ್ಯಾಪ್‌ಟಾಪ್ ಬೇಡ, ಸ್ಕ್ಯಾನರ್ ಬೇಡ. ಹರಿಹರದಲ್ಲಿ ಕೆಟ್ಟರೂ ರಿಪೇರಿ ಆಗುತ್ತದೆ, ಹೊಸನಗರದ ಕಾಡಿನ ನಡುವೆ ಕೆಟ್ಟರೂ ಆಗುತ್ತದೆ. ಈಗಿನ ಕಾರುಗಳಲ್ಲಿ ಒಂದು ಸೆನ್ಸರ್ ಹೋದರೆ ಗಾಡಿಯನ್ನು ಟೋ ಮಾಡಿ ತರಬೇಕು, ಪಾರ್ಟ್ ಬರುವವರೆಗೆ ಶೆಡ್‌ನಲ್ಲಿ ಧೂಳು ತಿನ್ನುತ್ತಾ ನಿಂತಿರುತ್ತದೆ. ಹೊಸ ಗಾಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಮಗನ ಹತ್ತಿರವೂ ಹೊಸದೇ ಇದೆ, ಏಸಿ ಚೆನ್ನಾಗಿದೆ, ಅದರಲ್ಲೇ ನಾನೂ ಮದುವೆ ಮನೆಗೆ ಹೋಗುತ್ತೇನೆ.

ಹಾಗಾದರೆ 800ರ ಎಂಜಿನ್ ಸಾಯುವುದೇ ಇಲ್ಲವೇ? ಸಾಯುತ್ತದೆ. ಹೆಚ್ಚಿನವು ಸಾಯುವುದು ಹೀಟ್ ಆಗಿ. ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಎರಡೂ ಒಂದೇ ಸಮನೆ ಹಿಗ್ಗುವುದಿಲ್ಲ, ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ. ಮಿತಿಯೊಳಗೆ ಇದ್ದರೆ ನಡುವೆ ಇರುವ ಗ್ಯಾಸ್ಕೆಟ್ ತಡೆದುಕೊಳ್ಳುತ್ತದೆ. ಮಿತಿ ಮೀರಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲ್‌ಗೆ ಸೇರುತ್ತದೆ. ಆಗ ಡಿಪ್ ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಷ್ಟಾದ ಮೇಲೂ ಕೆಲವರು, ಊರು ಇನ್ನೇನು ಬಂತು, ಎರಡು ಬಾಟಲಿ ನೀರು ಸುರಿದರೆ ಆಯ್ತು ಅಂತ ಓಡಿಸಿಕೊಂಡೇ ಬರುತ್ತಾರೆ. ಅಲ್ಲಿಗೆ ಬೇರಿಂಗ್ ಕೂಡ ಹೋಯಿತು.

ಹೀಟ್ ಯಾಕೆ ಆಗುತ್ತದೆ ಅಂತ ನೋಡಿದರೆ ಅದರಲ್ಲಿ ಎಂಜಿನ್‌ನ ತಪ್ಪು ಕಡಿಮೆ, ಮಾಲೀಕರದ್ದೂ ನಮ್ಮಂಥ ಮೇಸ್ತ್ರಿಗಳದ್ದೂ ಜಾಸ್ತಿ. ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಆ ಬಿಳಿ ಉಪ್ಪು ರೇಡಿಯೇಟರ್ ಕೊಳವೆಯಲ್ಲಿ ಕೂರುತ್ತದೆ, ಬ್ಲಾಕ್ ಒಳಗೆ ತುಕ್ಕು ಬೆಳೆಯುತ್ತದೆ. ಇನ್ನು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು. ಗಾಡಿ ಒಮ್ಮೆ ಹೀಟ್ ಆದರೆ ಸಾಕು, ನಮ್ಮ ಊರಿಗೆ ಇದು ಬೇಡ ಸಾರ್ ಅಂತ ಕಿತ್ತು ಎಸೆಯುವ ಚಾಳಿ ಎಷ್ಟೋ ಗ್ಯಾರೇಜ್‌ಗಳಲ್ಲಿ ಇದೆ. ಅದನ್ನು ಕಿತ್ತರೆ ಎಂಜಿನ್ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ, ಚೋಕ್ ಎಳೆದುಕೊಂಡೇ ಓಡಿಸಬೇಕು, ಪೆಟ್ರೋಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಫ್ಯಾನ್ ಸ್ವಿಚ್ ಕೆಟ್ಟರೆ ಹೊಸದು ಹಾಕುವ ಬದಲು ವೈರ್ ಡೈರೆಕ್ಟ್ ಕೊಡುತ್ತಾರೆ. ಫ್ಯಾನ್ ಬಿಡುವಿಲ್ಲದೆ ತಿರುಗಿ ಒಂದು ದಿನ ಅದೂ ಸುಟ್ಟು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಟೆಂಪರೇಚರ್ ಮುಳ್ಳು ಮೇಲೇರಿದ ಮೇಲೆಯೇ ಗೊತ್ತಾಗುವುದು, ಆ ಮುಳ್ಳನ್ನು ನೋಡುವ ಅಭ್ಯಾಸ ಎಷ್ಟು ಜನಕ್ಕಿದೆ?

ಉಳಿದದ್ದೆಲ್ಲ ಸಣ್ಣಪುಟ್ಟ ಕಾಯಿಲೆ. ಟ್ಯಾಪೆಟ್ ಕವರ್‌ನಿಂದ ಆಯಿಲ್ ಜಿನುಗುತ್ತದೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೊ ಪಕ್ಕದಿಂದ ಜಿನುಗುತ್ತದೆ. ಮೂರು ಸಿಲಿಂಡರ್ ಆದ್ದರಿಂದ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಮೌಂಟಿಂಗ್ ರಬ್ಬರ್ ಹಳೆಯದಾದರೆ ಕನ್ನಡಿಯೂ ನಡುಗುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಮರೆಯಬಾರದು, ಅದು ಹೇಳಿ ಕೇಳಿ ಹರಿಯುವುದಿಲ್ಲ. ಹಳೆಯ ಗಾಡಿ ಕೊಂಡವರಿಗೆ ನಾನು ಹೇಳುವುದು ಇಷ್ಟೇ: ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಮಾರಿದವರು ಬಿಲ್ ತೋರಿಸದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ಅಂದರೆ 100 ಲೀಟರ್‌ನಲ್ಲಿ 20 ಲೀಟರ್ ಎಥನಾಲ್. ಆಗ 84 ಬಂಕ್‌ಗಳಲ್ಲಿ ಮಾತ್ರ ಇತ್ತು. 2030ಕ್ಕೆ ಅಂತ ಮೊದಲು ಇಟ್ಟುಕೊಂಡ ಗುರಿಯನ್ನು 2025ಕ್ಕೇ ಎಳೆದರು. ಈಗ ಹೆಚ್ಚುಕಡಿಮೆ ಯಾವ ಬಂಕಿಗೆ ಹೋದರೂ ಅದೇ. ಬೇರೆ ಬೇಕು ಅಂದರೆ ಸಿಗುವುದು ಕಷ್ಟ.

ಎಥನಾಲ್‌ನಲ್ಲಿ ಶಕ್ತಿ ಕಡಿಮೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಇರುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದನೇ ಒಂದು ಭಾಗ ಎಥನಾಲ್ ಬೆರೆಸಿದರೆ ಮೈಲೇಜ್ ಎಷ್ಟು ಇಳಿಯಬೇಕು ಅಂತ ಹೈಸ್ಕೂಲ್ ಮಕ್ಕಳೂ ಲೆಕ್ಕ ಹಾಕುತ್ತಾರೆ. ನೀತಿ ಆಯೋಗದ 2021ರ ವರದಿಯಲ್ಲೇ, ಎಥನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ (ಶೇ 10 ಎಥನಾಲ್) ಹೊಂದಿಸಿದ ಕಾರುಗಳಿಗೆ ಶೇ 6ರಿಂದ 7ರಷ್ಟು ನಷ್ಟ ಆಗಬಹುದು ಅಂತ ಇದೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿದ್ದು, ಇ20ಗೆ ಹೊಂದಿಸಿದ ಗಾಡಿಗೆ ಶೇ 1ರಿಂದ 2, ಉಳಿದವಕ್ಕೆ ಶೇ 3ರಿಂದ 6 ಅಂತ. ಮೈಲೇಜ್ ಜಗಳ ನನಗೆ ಬೇಡ. ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲು ಇತ್ತು: ಕೆಲವು ಹಳೆಯ ವಾಹನಗಳಲ್ಲಿ 20 ಸಾವಿರದಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಕಡಿಮೆ ಖರ್ಚಿನ ಕೆಲಸ, ಸರ್ವೀಸ್ ಸಮಯದಲ್ಲೇ ಆಗುತ್ತದೆ ಅಂತ. ನನ್ನ ತಕರಾರು ಈ ಸಾಲಿನ ಬಗ್ಗೆ.

ಮಳೆಗಾಲ ಮುಗಿದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಅವರ 800 ತಂದು ನಿಲ್ಲಿಸಿದರು. ಕಾರ್ಬೊರೇಟರ್ ಗಾಡಿ. ಬಣ್ಣ ಇನ್ನೂ ಹೊಳೆಯುತ್ತದೆ, ಸೀಟಿಗೆ ಹೆಂಡತಿ ಹೊಲಿದ ಕವರ್. ವಾರಕ್ಕೊಮ್ಮೆ ಸಂತೆಗೆ, ಯಾವಾಗಲಾದರೂ ಮಗಳ ಮನೆಗೆ, ಅಷ್ಟೇ ಅವರ ಓಡಾಟ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಆಕ್ಸಿಲೇಟರ್ ಒತ್ತಿದರೆ ಮುಗ್ಗರಿಸುತ್ತದೆ ಅಂದರು. ಕಾರ್ಬೊರೇಟರ್ ಮೇಲಿನ ಕವರ್ ಎತ್ತಿದೆ. ಗ್ಯಾಸ್ಕೆಟ್ ಉಬ್ಬಿ ಅಲೆಅಲೆಯಾಗಿತ್ತು. ಬಿಚ್ಚಿದ ಮೇಲೆ ಅದು ಮತ್ತೆ ಅದರ ಜಾಗಕ್ಕೆ ಕೂರಲಿಲ್ಲ, ತೂತುಗಳು ಸ್ಕ್ರೂ ತೂತಿನಿಂದ ಸ್ವಲ್ಪ ಆಚೆ ಹೋಗಿದ್ದವು. ಪೆಟ್ರೋಲ್ ನಿಲ್ಲುವ ಬೌಲ್‌ನ ತಳದಲ್ಲಿ ಬಿಳಿ ಪುಡಿ. ಪೆಟ್ರೋಲ್ ಹಾಯುವ ಜೆಟ್‌ನ ತೂತು ಬೆಳಕಿಗೆ ಹಿಡಿದರೆ ಆಚೆ ಕಾಣಿಸಲಿಲ್ಲ. ಪೆಟ್ರೋಲ್ ಪಂಪ್ ಬಿಚ್ಚಿದೆ. ಈ ಗಾಡಿಯಲ್ಲಿ ಕ್ಯಾಮ್ ಶಾಫ್ಟ್ ಒತ್ತಿದಂತೆಲ್ಲ ಒಂದು ರಬ್ಬರ್ ಡಯಾಫ್ರಂ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುತ್ತದೆ. ಆ ಡಯಾಫ್ರಂ ಬೆರಳಲ್ಲಿ ಮಡಚಿದರೆ ಬಿರುಕು ಬಿಡುತ್ತಿತ್ತು.

"ಹೋದ ವರ್ಷ ಹಾಕಿದ್ದಲ್ವೇನಪ್ಪ ಇದು?" ಅಂದರು ಮೇಷ್ಟ್ರು.

"ಹೌದು ಸಾರ್, ಇದೇ ಅಂಗಡೀಲಿ ಹಾಕಿದ್ದು."

"ಮತ್ತೆ ಇಪ್ಪತ್ತು ಸಾವಿರ ಕಿಲೋಮೀಟರ್ ಅಂತ ಪೇಪರಿನಲ್ಲಿ ಬಂದಿತ್ತಲ್ಲ?"

ಏನು ಹೇಳಲಿ? ಅವರ ಗಾಡಿ ವರ್ಷಕ್ಕೆ ಎರಡು ಸಾವಿರವೂ ಓಡುವುದಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ಎಥನಾಲ್ ರಬ್ಬರ್ ಮೇಲೆ ಕೆಲಸ ಮಾಡುವುದು ಗಾಡಿ ಓಡುವಾಗ ಮಾತ್ರ ಅಲ್ಲ, ನಿಂತಾಗಲೂ ಮಾಡುತ್ತದೆ. ಜೊತೆಗೆ ಅದು ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಟ್ಯಾಂಕ್ ಖಾಲಿಯಾಗಿ ತುಂಬಿ ಆಗುತ್ತಿರುವುದರಿಂದ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಶೆಡ್‌ನಲ್ಲಿ ನಿಂತ ಗಾಡಿಯಲ್ಲಿ ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಹಳೆಯ ಟ್ಯಾಂಕಿನ ಕೊಳೆಯನ್ನೂ ಅದು ತೊಳೆದು ತರುತ್ತದೆ, ಆ ಕೊಳೆ ಸೀದಾ ಜೆಟ್‌ಗೆ. ನಮ್ಮಲ್ಲಿ ಹಳೆಯ 800 ಇಟ್ಟುಕೊಂಡವರು ಹೆಚ್ಚಿನವರು ಮೇಷ್ಟ್ರಂಥವರೇ. ಕಡಿಮೆ ಓಡಿಸುವವರು. ಅವರಿಗೆ ಕಿಲೋಮೀಟರ್ ಲೆಕ್ಕ ಹೇಳಿ ಏನು ಪ್ರಯೋಜನ?

ರಬ್ಬರ್ ಬದಲಿಸಿದರೆ ಮುಗಿಯಿತೇ ಅಂದರೆ, ಕಾರ್ಬೊರೇಟರ್ ಗಾಡಿಗೆ ಅದೂ ಇಲ್ಲ. ಒಂದು ಕಿಲೊ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೊ ಗಾಳಿ ಬೇಕು. ಎಥನಾಲ್‌ಗೆ 9 ಕಿಲೊ ಸಾಕು. ಇ20ಕ್ಕೆ ಲೆಕ್ಕ ಹಾಕಿದರೆ 13.5ರ ಹತ್ತಿರ ಬರುತ್ತದೆ. ಎಂಪಿಎಫ್‌ಐ ಗಾಡಿಯಲ್ಲಿ ಸೈಲೆನ್ಸರ್ ಕಡೆ ಆಕ್ಸಿಜನ್ ಸೆನ್ಸರ್ ಇರುತ್ತದೆ, ಗಾಳಿ ಜಾಸ್ತಿ ಆಯ್ತು ಅಂತ ಅದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಸ್ವಲ್ಪ ಹೆಚ್ಚು ಬಿಡುತ್ತದೆ. ಕಾರ್ಬೊರೇಟರ್‌ಗೆ ಅಂಥ ಬುದ್ಧಿ ಇಲ್ಲ. ಜೆಟ್ ತೂತು ಎಷ್ಟು ದಪ್ಪ ಇದೆಯೋ ಅಷ್ಟೇ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ತೊಂದರೆ, ಆಕ್ಸಿಲೇಟರ್ ಕೊಟ್ಟಾಗ ಮುಗ್ಗರಿಸುವುದು, ಏರಿನಲ್ಲಿ ಎಂಜಿನ್ ಹೀಟ್ ಆಗುವುದು, ಇದೆಲ್ಲ ಇದರಿಂದಲೇ. ಹೀಟ್ ಆದರೆ 800ರ ಹೆಡ್ ಗತಿ ಏನು ಅಂತ ಮೇಲೆ ಹೇಳಿದ್ದೇನೆ. ಇ20ಯಲ್ಲಿ ಆಕ್ಟೇನ್ 95, ಎಂಜಿನ್‌ಗೆ ಒಳ್ಳೆಯದು ಅಂತ ಹೇಳುತ್ತಾರೆ. ಹೊಸ ಎಂಜಿನ್‌ಗೆ ಒಳ್ಳೆಯದೇ ಇರಬಹುದು. 9ರೊಳಗಿನ ಕಂಪ್ರೆಷನ್‌ಗೆ ಅಷ್ಟು ಆಕ್ಟೇನ್ ಕಟ್ಟಿಕೊಂಡು ಏನಾಗಬೇಕು? ಉಪಯೋಗ ಇಲ್ಲದ ಗುಣಕ್ಕೆ ನಾವು ರಬ್ಬರ್‌ನಲ್ಲೂ ಮೈಲೇಜ್‌ನಲ್ಲೂ ದುಡ್ಡು ಕೊಡುತ್ತಿದ್ದೇವೆ.

ಎಥನಾಲ್ ಬೇಡ ಅಂತ ನಾನು ಹೇಳುವವನಲ್ಲ. ನಮ್ಮ ಜಿಲ್ಲೆಯ ತುಂಬ ಮೆಕ್ಕೆಜೋಳ, ಹಾವೇರಿಯಲ್ಲೂ ಅದೇ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆ ಕಬ್ಬು. ಎರಡರಿಂದಲೂ ಎಥನಾಲ್ ಆಗುತ್ತದೆ. ರೈತನಿಗೆ ನಾಲ್ಕು ಕಾಸು ಸಿಗಲಿ, ಹೊರಗಿಂದ ತರಿಸುವ ತೈಲ ಕಡಿಮೆ ಆಗಲಿ, ಯಾರಿಗೆ ಬೇಡ? ನನ್ನ ಗಿರಾಕಿಗಳಲ್ಲಿ ಅರ್ಧ ಜನ ಜೋಳ ಬೆಳೆಯುವವರೇ, ಸುಗ್ಗಿ ಚೆನ್ನಾಗಿದ್ದರೆ ನನ್ನ ಹಳೇ ಬಾಕಿಯೂ ವಸೂಲಿ ಆಗುತ್ತದೆ. 2023ರಿಂದ ಬಂದ ಗಾಡಿಗಳು ಇ20ಗೆ ತಯಾರಾಗಿ ಬಂದಿವೆ, ಅವು ಕುಡಿಯಲಿ. ಕೇಳುವುದು ಇಷ್ಟೇ: ಹಳೆಯ ಗಾಡಿಗೆ ಇ10 ಪೆಟ್ರೋಲಿನ ಒಂದು ಪಂಪು ಉಳಿಸಿ.

ಇದು ಆಗದ ಕೆಲಸವೇನಲ್ಲ, ಹಿಂದೆ ಆಗಿದೆ. 1995ರಲ್ಲಿ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಆಯಿತು. ಅದಕ್ಕೆ ಸೀಸ ಇಲ್ಲದ ಪೆಟ್ರೋಲ್ ಬೇಕು. ಆಗ ಏನು ಮಾಡಿದರು? ಹೊಸ ಪೆಟ್ರೋಲ್ ತಂದರು, ಹಳೆಯದನ್ನೂ ಇಟ್ಟರು. ಹೊಸ ಗಾಡಿಯವರು ಅದನ್ನು ಹಾಕಿಸಿಕೊಂಡರು, ಹಳೆಯ ಗಾಡಿಯವರು ಇದನ್ನು. ದೇಶದಲ್ಲೆಲ್ಲ ಸೀಸ ಪೂರ್ತಿ ನಿಂತಿದ್ದು 2000ರಲ್ಲಿ. ಐದು ವರ್ಷ ಎರಡೂ ಇದ್ದವು. ಯಾರದ್ದೂ ಬಂಕ್ ಮುಳುಗಲಿಲ್ಲ. ಈಗಲೂ ಎಷ್ಟೋ ಬಂಕ್‌ಗಳಲ್ಲಿ ಸಾದಾ ಪೆಟ್ರೋಲ್ ಪಕ್ಕದಲ್ಲಿ ದುಬಾರಿ ಪ್ರೀಮಿಯಂ ಪೆಟ್ರೋಲ್‌ಗೆ ಬೇರೆ ಪಂಪು ಇದೆ. ಅದಕ್ಕೆ ನೆಲದೊಳಗೆ ಟ್ಯಾಂಕ್ ಸಿಗುತ್ತದೆ, ಇ10ಗೆ ಸಿಗುವುದಿಲ್ಲ ಅಂದರೆ ಹೇಗೆ? ಎಲ್ಲ ಬಂಕ್‌ಗಳಲ್ಲಿ ಬೇಡ. ತಾಲ್ಲೂಕಿಗೆ ಒಂದು ಇದ್ದರೂ ಜನ ಹೋಗಿ ಹಾಕಿಸಿಕೊಳ್ಳುತ್ತಾರೆ. ಎರಡು ರೂಪಾಯಿ ಜಾಸ್ತಿ ಇಟ್ಟರೂ ಕೊಡುತ್ತಾರೆ. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆ ಬೇಕು ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದೆ, ಅದು ಗೊತ್ತು. ಕೋರ್ಟ್ ಬೇಡ ಅಂದಿರಬಹುದು, ಕೊಡಬಾರದು ಅಂತ ತೈಲ ಕಂಪನಿಗಳ ಕೈ ಯಾರೂ ಕಟ್ಟಿಲ್ಲ. ಅವರು ಮನಸ್ಸು ಮಾಡಬಹುದು.

ಗುಜರಿ ವಿಷಯ ನಾಲ್ಕು ಮಾತಲ್ಲಿ ಮುಗಿಸುತ್ತೇನೆ. ದೆಹಲಿ ಸುತ್ತಮುತ್ತ ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ಹಾಕಿದ್ದನ್ನು ಓದಿ ನಮ್ಮ ಜನ ಇಲ್ಲೂ ಹೆದರುತ್ತಿದ್ದಾರೆ, ಆ ಹೆದರಿಕೆಯಲ್ಲೇ ಒಳ್ಳೆಯ ಗಾಡಿಗಳನ್ನು ಕಡಿಮೆ ರೇಟಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಕರ್ನಾಟಕದಲ್ಲಿ ಆ ನಿಯಮ ಇಲ್ಲ. 15 ವರ್ಷ ಆದ ಮೇಲೆ ಗಾಡಿ ಆರ್‌ಟಿಒಗೆ ತೋರಿಸಿ, ಫಿಟ್‌ನೆಸ್ ಪಾಸಾದರೆ ಐದು ವರ್ಷಕ್ಕೆ ಆರ್‌ಸಿ ನವೀಕರಣ ಆಗುತ್ತದೆ. ಫೀಸ್ ಮಾತ್ರ ಏರಿದೆ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10 ಸಾವಿರ ಮಾಡಿದರು. ಅಷ್ಟು ದುಡ್ಡು ತೆಗೆದುಕೊಂಡು ಗಾಡಿ ಓಡಿಸಲು ಅನುಮತಿ ಕೊಡುವ ಸರ್ಕಾರವೇ ಆ ಗಾಡಿಗೆ ತಕ್ಕ ಪೆಟ್ರೋಲ್ ಬಂಕಿನಿಂದ ತೆಗೆದಿದೆ. ಇದನ್ನು ಯಾರಾದರೂ ಕೇಳಬೇಕಲ್ವಾ. ಹೊಗೆ ಬಗ್ಗೆ ಬರೆದಿದ್ದೀರಿ. ಹಳೆಯ ಕಾರ್ಬೊರೇಟರ್ ಕಾರಿಗೆ ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3ರ ಒಳಗೆ ಇರಬೇಕು. ಹೊಸ ಗಾಡಿಯ ಮಿತಿ ಅದರ ಹತ್ತನೇ ಒಂದು ಭಾಗ, ಹಾಗಾಗಿ ಹೊಸದರಷ್ಟು ಶುದ್ಧ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಟ್ಯೂನಿಂಗ್ ಸರಿ ಇದ್ದರೆ ಅದರ ಮಿತಿಯೊಳಗೆ ಆರಾಮಾಗಿ ನಿಲ್ಲುತ್ತದೆ. ಕಪ್ಪು ಹೊಗೆ ಬಿಡುವ 800 ಕಂಡರೆ ಅದರ ಏರ್ ಫಿಲ್ಟರ್ ನೋಡಿ, ಚೋಕ್ ಸಿಕ್ಕಿಕೊಂಡಿದೆಯಾ ನೋಡಿ. ಸುರಕ್ಷತೆಯಲ್ಲೂ ಅದು ಹಳೆಯ ಗಾಡಿಯೇ. ಏರ್‌ಬ್ಯಾಗ್ ಇಲ್ಲ, ತಗಡು ತೆಳು. ಹೈವೇಯಲ್ಲಿ 100ರಲ್ಲಿ ಓಡಿಸುವ ಹುಡುಗರಿಗೆ ನಾನು ಬೈದು ಕಳಿಸುತ್ತೇನೆ.

ನಿಮ್ಮ ಓದುಗರಲ್ಲಿ ಹಳೆಯ 800, ಓಮ್ನಿ ಇರುವವರಿಗೆ, ಆ ಎರಡನೇ ಪಂಪು ಬರುವವರೆಗೆ ನನ್ನ ಸಲಹೆ: ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ರಬ್ಬರಿನದ್ದು ಹಾಕಿಸಿ, ವಿಟಾನ್ ಅಂತ ಕೇಳಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯವರು ಕೊಡುತ್ತಾರೆ. ರೇಟು ಜಾಸ್ತಿ, ಆದರೂ ಹಾಕಿಸಿ. ಹಳೆಯ ಪೈಪು ಜಿನುಗಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಗಾಡಿಗೇ ಬೆಂಕಿ. ಗಾಡಿ ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬೌಲ್ ಖಾಲಿ ಮಾಡಿಸಿ ನಿಲ್ಲಿಸಿ. ಮುಗ್ಗರಿಸುತ್ತಿದ್ದರೆ ಸುಮ್ನೆ ಪ್ಲಗ್ ಬದಲಿಸುತ್ತಾ ಕೂರಬೇಡಿ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಲು ನಿಮ್ಮ ಮೇಸ್ತ್ರಿಗೆ ಹೇಳಿ.

ಸಂಪಾದಕರೇ, ನಿಮ್ಮ ವರದಿಗಾರರನ್ನು ನಾಲ್ಕು ಬಂಕ್‌ಗಳಿಗೆ ಕಳಿಸಿ. ಪಂಪಿನ ಮೇಲೆ ಎಥನಾಲ್ ಎಷ್ಟು ಅಂತ ಓದಲು ಆಗುವ ಹಾಗೆ ಬರೆದಿದೆಯೇ, ಕೇಳಿದರೆ ಕೆಲಸದ ಹುಡುಗರಿಗೆ ಗೊತ್ತಿದೆಯೇ ನೋಡಿ ಬರಲಿ. ಪತ್ರ ಉದ್ದ ಆಗಿದೆ, ಗೊತ್ತು. ಜಾಗ ಸಾಲದಿದ್ದರೆ ಪದ್ಮಿನಿ ವಿಷಯ, ಜಪಾನಿನ ವಿಷಯ ತೆಗೆದುಬಿಡಿ. ಎರಡನೇ ಪಂಪಿನ ವಿಷಯ ಮಾತ್ರ ತೆಗೆಯಬೇಡಿ.

ಇತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜ್ ಮೇಸ್ತ್ರಿ,
ದಾವಣಗೆರೆ